ಜೂನ್ ಒಂದನೇ ತಾರೀಖಿನವರು

ಹನ್ನೊಂದು ಗಂಟೆ ನಲವತ್ತು ನಿಮಿಷ. ಸುರಪುರದ ನೋಂದಣಿ ಕಚೇರಿಯ ಗೋಡೆ ಗಡಿಯಾರವನ್ನು ನಾನೇ ನೋಡಿದ್ದೆ. ಹನ್ನೆರಡರ ಶಹಾಪುರ ಬಸ್ಸು ಸಿಗುತ್ತದೋ ಇಲ್ಲವೋ ಎಂಬುದಷ್ಟೇ ಆಗ ನನ್ನ ತಲೆಯಲ್ಲಿದ್ದದ್ದು. ಗಡಿಯಾರದ ಕೆಳಗೆ ಸೂಚನಾ ಫಲಕವಿತ್ತು. ಗುಮಾಸ್ತರು ಅದಕ್ಕೊಂದು ಹಾಳೆ ಚುಚ್ಚಿ ಒಳಗೆ ಹೋದರು. ಹೊಲದ ಖರೀದಿ ಪತ್ರಕ್ಕೆಂದು ಬಂದು ಬೆಂಚಿನ ಮೇಲೆ ಕೂತಿದ್ದ ಬಿಳಿ ಅಂಗಿಯವನೊಬ್ಬ ಎದ್ದು ಬಂದ. ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದ. ಮೊಬೈಲು ತೆಗೆದು ಫೋಟೋ ಹೊಡೆದ. ನಮ್ಮ ಕಡೆ ತಿರುಗಿಯೂ ನೋಡದೆ ಹೊರಗೆ ನಡೆದ.

ಅದು ಮದುವೆಯ ನೋಟೀಸು. ನನ್ನ ಗೆಳತಿ ಮತ್ತು ಅವಳು ಮದುವೆಯಾಗಬೇಕೆಂದಿದ್ದ ಹುಡುಗ ಕಾಯ್ದೆಯ ಪ್ರಕಾರ ಅರ್ಜಿ ಕೊಟ್ಟಿದ್ದರು. ಬೇರೆ ಬೇರೆ ಧರ್ಮದವರು ಹಾಗೆ ಅರ್ಜಿ ಕೊಟ್ಟರೆ ಇಬ್ಬರ ಹೆಸರು, ತಂದೆಯ ಹೆಸರು, ಊರು, ಓಣಿ ಎಲ್ಲವನ್ನೂ ಬರೆದು ಮೂವತ್ತು ದಿನ ಗೋಡೆಗೆ ಹಚ್ಚುತ್ತಾರೆ. ಯಾರಿಗಾದರೂ ತಕರಾರಿದ್ದರೆ ಹೇಳಲಿ ಎಂದು. ಗೆಳತಿಯದು ಊರಲ್ಲಿ ಹೊಲ ಮನೆ ಇದ್ದ ದೊಡ್ಡ ಕುಳ. ಹುಡುಗ ಅದೇ ಊರ ಕೇರಿಯವನು, ಬೌದ್ಧರ ಮನೆಯವನು. ನಾನು ಸಾಕ್ಷಿ.

"ಯಾರೋ ಏನೋ, ಫೋಟೋ ಹೊಡದ್ರ ಏನಾತು?" ಎಂದಳು ಗೆಳತಿ. "ನಮ್ಮೂರವ್ರು ಈ ಕಚೇರಿಗಿ ಬರೋದು ಹೊಲಾ ಮಾರಬೇಕಾದ್ರ. ಅವ್ರು ಗ್ವಾಡಿ ಓದಂಗಿಲ್ಲ ಬಿಡು."

ಈ ಬರಹದಲ್ಲಿ ಯಾರ ಹೆಸರೂ ಇಲ್ಲ. ಅವರಿಬ್ಬರು ಮುಂದೆ ಹೋಗಿ ಸೇರಿದ ದೇಶದ ಹೆಸರೂ ಇಲ್ಲ. ಹಾಗೆ ಬರೆಯುವುದಾದರೆ ಬರಿ ಎಂದು ಅವಳೇ ಹೇಳಿದ್ದಾಳೆ.

ಹನ್ನೆರಡರ ಬಸ್ಸು ತಪ್ಪಿತು. ಶಹಾಪುರಕ್ಕೆ ಹೊರಟಿದ್ದ ಒಂದು ಕ್ರೂಸರ್ ಬಾಡಿಗೆ ಜೀಪು ಹತ್ತಿದೆವು. ಹಿಂದಿನ ಸೀಟಿನಲ್ಲಿ ನಾವು ಮೂವರು. ಹುಡುಗ ಏನಾದರೂ ಹೇಳಿ ನಗಿಸುವವನು. ಕಿಟಕಿಯಿಂದ ಕೈ ಹೊರಗೆ ಹಾಕಿ ಶಹಾಪುರದ ಗುಡ್ಡದ ದಿಕ್ಕು ತೋರಿಸಿ, "ಈ ಜಿಲ್ಲಾದಾಗ ಆರಾಮ ಮಲಗಿದಾವ ಅಂದ್ರ ಅಲ್ಲಿ ಮಲಗ್ಯಾನಲ್ಲ, ಆ ಬುದ್ಧ ಒಬ್ಬನ" ಎಂದ. ಮಲಗಿದ ಬುದ್ಧನಂತೆ ತೋರುವ ಆ ಗುಡ್ಡ ಇನ್ನೂ ಕಾಣುತ್ತಿರಲಿಲ್ಲ. ನಾವಿಬ್ಬರೂ ನಕ್ಕೆವು. ನಗುತ್ತಿರುವಾಗಲೇ ಗಾಡಿ ನಿಂತಿತು.

ಮುಂದೆ ಎರಡು ಮೋಟಾರ್ ಸೈಕಲ್ಲು ಅಡ್ಡ ನಿಂತಿದ್ದವು. ನಾಲ್ಕು ಜನ. ಅವರಲ್ಲೊಬ್ಬ ಗೆಳತಿಯ ಅಣ್ಣ. ಚಿಕ್ಕವಳಿದ್ದಾಗ ಅವರ ಮನೆಯಲ್ಲಿ ಉಂಡವಳು ನಾನು. ಅವನ ಮುಖ ನನಗೆ ಗೊತ್ತಿರದೆ ಏನು. ಕ್ರೂಸರ್ ಡ್ರೈವರ್ ಹಿಂದೆ ತಿರುಗಿ, "ಇಳೀರಿ, ಲಗು ಇಳೀರಿ. ನಿಮ್ ಸಲುವಾಗಿ ನನ್ ಗಾಡಿ ಸುಡಸ್ತೀರೇನು?" ಎಂದ. ನಾವು ಇಳಿದೆವು. ಇಳಿಯಬಾರದಿತ್ತು ಎಂದು ಈಗ ಅನಿಸುತ್ತದೆ. ಗಟ್ಟಿಯಾಗಿ ಸೀಟು ಹಿಡಿದುಕೊಂಡು ಕೂತಿದ್ದರೆ ಏನಾಗುತ್ತಿತ್ತು ಎಂದು ನಾನು ಎಷ್ಟು ಸಲ ಲೆಕ್ಕ ಹಾಕಿದ್ದೇನೋ.

ನಾನು ಮೊಬೈಲು ತೆಗೆದೆ. ಅಣ್ಣ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಜೇಬಿಗೆ ಹಾಕಿದ, ಅಂಗಡಿಯವನು ಚಿಲ್ಲರೆ ಹಾಕಿಕೊಂಡಷ್ಟು ಸಹಜವಾಗಿ. ಇನ್ನೊಬ್ಬನ ಕೈಯಲ್ಲಿ ಕಬ್ಬಿಣದ ರಾಡು. ಅದು ತಲೆಗೆಂದು ಬಂದದ್ದು. ಹುಡುಗ ಎಡಗೈ ಎತ್ತಿದ. ಹಸಿ ಜೋಳದ ದಂಟು ಮುರಿದಂಥ ಸದ್ದು. ಗೆಳತಿಯ ಜಡೆ ಹಿಡಿದು ಅಣ್ಣ ಅವಳನ್ನು ಮೋಟಾರ್ ಸೈಕಲ್ಲಿನ ಕಡೆ ಎಳೆಯುತ್ತಿದ್ದ. ರಸ್ತೆ ಪಕ್ಕದ ಹತ್ತಿ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಹೆಂಗಸರು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟಿದ್ದರು.

ಆಗ ಸುರಪುರದ ಕಡೆಯಿಂದ ಸರ್ಕಾರಿ ಬಸ್ಸು ಬಂತು. ಡ್ರೈವರ್ ಅದನ್ನು ನಮ್ಮ ಮತ್ತು ಆ ಮೋಟಾರ್ ಸೈಕಲ್ಲುಗಳ ನಡುವೆ ತುರುಕಿ ನಿಲ್ಲಿಸಿದ. ಕಂಡಕ್ಟರ್ ಬಾಗಿಲಿಂದ ಅರ್ಧ ಹೊರಗೆ ಬಾಗಿ ಕೂಗಿದ: "ಏಯ್, ನನ್ ಪ್ಯಾಸೆಂಜರ್ ಅದಾರ ಅವ್ರು! ಟಿಕೀಟ್ ಹರದೀನಿ ಮೂರು. ಕೈ ಹಚ್ಚಿದ್ರಂದ್ರ ಗಾಡಿ ಸೀದಾ ಠಾಣೆಕ್ಕ ಹೊಡಸ್ತೀನಿ ನೋಡ್ರಿ ಮತ್ತ!"

ಟಿಕೀಟು ಎಲ್ಲಿಯದು? ಆ ಮನುಷ್ಯನನ್ನು ನಾವು ಆವರೆಗೆ ಕಂಡೇ ಇರಲಿಲ್ಲ. ಆದರೆ ಆ ಸುಳ್ಳಿಗೆ ಅಣ್ಣನ ಕೈ ಒಂದು ಕ್ಷಣ ಸಡಿಲಾಯಿತು. ಆ ಒಂದು ಕ್ಷಣದಲ್ಲಿ ನಾವು ಹತ್ತಿದೆವು. ಶಹಾಪುರ ಬರುವವರೆಗೆ ಕಂಡಕ್ಟರ್ ನಮ್ಮ ಹತ್ತಿರ ಬರಲೇ ಇಲ್ಲ. ಇಳಿಯುವಾಗ ಮಾತ್ರ, "ದವಾಖಾನಿಗಿ ಹೋಗ್ರಿ. ಊರಿಗಿ ಹೋಗಬ್ಯಾಡ್ರಿ" ಎಂದ.

ನಾವು ಫಿರ್ಯಾದಿ ಕೊಡಲಿಲ್ಲ. ಇದನ್ನು ಬರೆಯಲೇಬೇಕು. ಹುಡುಗನ ಕೈಗೆ ಪಟ್ಟಿ ಹಾಕಿಸಿ, ಸಂಜೆಯೊಳಗೆ ಯಾದಗಿರಿಯಿಂದ ರೈಲು ಹತ್ತಿಸಿ, ಅವರಿಬ್ಬರನ್ನೂ ಹೈದರಾಬಾದಿಗೆ ಕಳಿಸಿದೆ. ಆಗ ಜೀವ ಉಳಿದರೆ ಸಾಕೆನ್ನಿಸಿತ್ತು. ಮನೆಯಲ್ಲಿ ಅಪ್ಪನೂ, "ಆತಲ್ಲ, ಹೋದ್ರಲ್ಲ, ಇನ್ನ ನೀ ಇದ್ರಾಗ ಬೀಳಬ್ಯಾಡ" ಎಂದರು. ನಾನು ಬೀಳಲಿಲ್ಲ. ಆದರೆ ನನ್ನ ನಿದ್ದೆ ಅಂದಿನಿಂದ ತುಂಡಾಯಿತು. ಎರಡು ತಾಸಿಗೊಮ್ಮೆ ಎಚ್ಚರ. ಓಣಿಯಲ್ಲಿ ಮೋಟಾರ್ ಸೈಕಲ್ಲು ನಿಧಾನವಾದರೆ ಸಾಕು, ಎದ್ದು ಕೂತು, ಅದು ಮುಂದೆ ಹೋಗುವವರೆಗೆ ಉಸಿರು ಹಿಡಿಯುತ್ತಿದ್ದೆ.

ಹೈದರಾಬಾದಿನಲ್ಲಿ ಅವರು ಮದುವೆಯಾದರು. ಎರಡು ತಿಂಗಳಾಗುವಷ್ಟರಲ್ಲಿ ಅಣ್ಣ ಅಲ್ಲಿಯ ಬಾಡಿಗೆ ಖೋಲಿಯನ್ನೂ ಹುಡುಕಿದ. ಅವರು ಆ ಹೊತ್ತು ಮನೆಯಲ್ಲಿರಲಿಲ್ಲ. ಮನೆ ಮಾಲಕಿ ಫೋನ್ ಮಾಡಿ ಬರಬೇಡಿ ಎಂದಳು. ಗೆಳತಿ ನರ್ಸಿಂಗ್ ಓದಿದವಳು. ಮುಂದೆ ಓದುವ ವೀಸಾ ಸಿಕ್ಕಿತು, ಗಂಡನನ್ನೂ ಕರೆದುಕೊಂಡು ಹೋದಳು. ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಆದರೆ ಓದಿನ ವೀಸಾ ಓದು ಮುಗಿಯುವವರೆಗೆ. ಆಮೇಲೆ ವಾಪಸ್ಸು ಬರಬೇಕು. ವಾಪಸ್ಸು ಎಂದರೆ ಯಾವ ರಸ್ತೆಗೆ ಎಂಬುದು ನಮಗೆ ಮೂವರಿಗೂ ಗೊತ್ತಿತ್ತು.

ಅವರು ರಕ್ಷಣೆಯ ವೀಸಾಕ್ಕೆ ಅರ್ಜಿ ಹಾಕಿದರು. ಸ್ವಂತ ನೆಲದಲ್ಲಿ ಜೀವಕ್ಕೆ ಅಪಾಯವಿದ್ದವರಿಗೆ ಕೊಡುವ ವೀಸಾ. ಅಧಿಕಾರಿ ತಿರಸ್ಕರಿಸಿದ: ಭಾರತ ದೊಡ್ಡದು, ಬೇರೆ ಊರಲ್ಲಿ ಇರಬಹುದಲ್ಲ ಎಂದು. ಅವರು ಮೇಲ್ಮನವಿ ಮಂಡಳಿಗೆ ಹೋದರು. ಪೊಲೀಸ್ ದಾಖಲೆ ಇಲ್ಲ, ಕೈಗೆ ಪಟ್ಟಿ ಹಾಕಿದ ಡಾಕ್ಟರ ಚೀಟಿಯಲ್ಲಿ "ಬಿದ್ದು ಪೆಟ್ಟಾಗಿದೆ" ಎಂದಿತ್ತು, ಹಾಗೆ ಹೇಳಿಸಿದ್ದೂ ನಾವೇ. ಉಳಿದದ್ದು ನನ್ನ ಕಣ್ಣು. ಒಂದು ಭಾನುವಾರ ಕೂತು ನೋಡಿದ್ದನ್ನೆಲ್ಲ ಒಂದು ಪತ್ರದಲ್ಲಿ ಬರೆದು, ಆಧಾರ್ ಕಾರ್ಡಿನ ನಕಲು ಸೇರಿಸಿ ಕಳಿಸಿದೆ. ಹುಡುಗನ ಅಕ್ಕ, ಯಾದಗಿರಿಯಲ್ಲಿ ಬಟ್ಟೆ ಹೊಲಿಯುವವಳು, ತನ್ನ ಮನೆಗೆ ಬಂದ ಬೆದರಿಕೆಯ ಬಗ್ಗೆ ಇನ್ನೊಂದು ಪತ್ರ ಬರೆದಳು.

ಮಂಡಳಿಯೂ ತಿರಸ್ಕರಿಸಿತು. ಆದೇಶದ ಪ್ರತಿ ನನ್ನ ಮೊಬೈಲಿಗೆ ಬಂದಾಗ ನಾನು ಪಾಠ ಹೇಳುವ ಶಹಾಪುರದ ಶಾಲೆಯಲ್ಲಿ ಊಟದ ಬಿಡುವು. ಸ್ಟಾಫ್ ರೂಮಿನ ಮೂಲೆಯಲ್ಲಿ ನಿಂತು ಓದಿದೆ. ಹತ್ತೊಂಬತ್ತು ಪುಟ. ನಲವತ್ತೊಂದನೇ ಪ್ಯಾರಾದಲ್ಲಿ ನಾನಿದ್ದೆ. ಅರ್ಜಿದಾರಳು, ಅವಳ ಗಂಡ, ಗಂಡನ ಅಕ್ಕ ಮತ್ತು ಸಾಕ್ಷಿ, ಈ ನಾಲ್ವರ ಗುರುತಿನ ಚೀಟಿಯಲ್ಲೂ ಹುಟ್ಟಿದ ದಿನ ಜೂನ್ ಒಂದು. ವರ್ಷ ಬೇರೆಯಿದ್ದರೂ ದಿನ ಒಂದೇ. ಇದು ನಂಬಲು ಆಗದ ಕಾಕತಾಳೀಯ; ಈ ಕಾಗದಗಳೆಲ್ಲ ಒಂದೇ ಕೈಯಿಂದ ತಯಾರಾದಂತೆ ತೋರುತ್ತದೆ; ಆದ್ದರಿಂದ ಪತ್ರಗಳಿಗೆ ಬೆಲೆ ಕೊಡಲಾಗದು. ಸಾಕ್ಷಿ ಎನ್ನುವ ವ್ಯಕ್ತಿ ನಿಜವಾಗಿ ಇದ್ದಾಳೆಂದೂ ಮಂಡಳಿಗೆ ಮನವರಿಕೆಯಾಗಿಲ್ಲ.

ನಾನು ಇಲ್ಲವಂತೆ. ಕೈಯಲ್ಲಿ ಅರ್ಧ ತಿಂದ ರೊಟ್ಟಿ ಇತ್ತು. ಎದುರಿಗಿದ್ದ ಹಿಂದಿ ಟೀಚರು, "ಯಾಕ್ರಿ, ಮಾರಿ ಹಿಂಗ್ಯಾಕ ಆತು?" ಎಂದು ನೀರು ಕೊಟ್ಟರು.

ಆ ಸಂಜೆ ಗೆಳತಿ ಫೋನ್ ಮಾಡಿದಳು. ಅವರಿಗೊಬ್ಬಳು ವಕೀಲೆ ಸಿಕ್ಕಿದ್ದಳು, ನಿರಾಶ್ರಿತರ ಕೇಸುಗಳನ್ನು ಪುಕ್ಕಟೆ ನಡೆಸುವವಳು. ಮೂವತ್ತೈದು ದಿನದೊಳಗೆ ಕೋರ್ಟಿಗೆ ಹೋಗಬೇಕು. ಹೋಗದಿದ್ದರೆ ವಿಮಾನ ಹತ್ತಬೇಕು.

"ಕೋರ್ಟಿನ್ಯಾಗ ನಾ ಮತ್ತ ಹೇಳ್ತೀನಲ್ಲ, ಎಲ್ಲಾ ಮೊದಲಿಂದ" ಎಂದೆ.

"ಅದ ಆಗಂಗಿಲ್ಲಂತ" ಎಂದಳು. ಅವಳ ದನಿ ಒಣಗಿತ್ತು. "ಡಿಗ್ರಿ ಪರೀಕ್ಷಾದಾಗ ನಾವು ಪೇಪರ್ ಮತ್ತ ತಿದ್ದಸಾಕ ಹಾಕಿದ್ವಲ್ಲ, ನೆಪ್ಪದ? ಅದರಕಿಂತ ಕಠಿಣ ಇದು. ಕೈ ಮುರದದ್ದು ಖರೇನೋ ಸುಳ್ಳೋ ಅಂತ ಕೋರ್ಟ್ ಕೇಳಂಗೇ ಇಲ್ಲ. ಆ ಮಂಡಳಿಯವ್ರು ನಿಯಮಾ ಪ್ರಕಾರ ನಡಕೊಂಡ್ರೋ ಇಲ್ಲೋ, ಅಷ್ಟ ನೋಡ್ತಾರ. ನಮ್ಮ ಉತ್ತರ ಓದಂಗಿಲ್ಲ, ತಿದ್ದಿದವರ ಕೈ ನೋಡ್ತಾರ."

"ಅವ್ರು ಏನ್ ತಪ್ಪ ಮಾಡ್ಯಾರ ಹಂಗಾದ್ರ?"

"ತಾರೀಖಿನ ಮ್ಯಾಲ ಅವ್ರಿಗಿ ಸಂಶೇ ಬಂದಿತ್ತು. ವಿಚಾರಣಿ ದಿನಾ ನಾ ಮುಂದ ಕುಂತೀನಿ. ಒಂದ ಮಾತು ಕೇಳಬೇಕಿತ್ತಲ್ಲ, 'ಇದ್ಯಾಕ ಹಿಂಗದ?' ಅಂತ. ಕೇಳಲಾರದ ಬರದುಬಿಟ್ರು. ವಕೀಲಮ್ಮ ಅದ ಒಂದ ಹಗ್ಗ ಹಿಡದಾಳ. ಆದ್ರ ಕೇಳಿದ್ರ ನಾವೇನು ಹೇಳತಿದ್ವಿ ಅನ್ನೋದು ಕೋರ್ಟಿಗಿ ತೋರಸ್ಬೇಕಂತ. ಇಲ್ಲಂದ್ರ, ಕೇಳಿದ್ರೂ ಏನೂ ಬದಲಾಗತಿರಲಿಲ್ಲ ಅಂತಾರಂತ." ಕೊನೆಗೆ ಹೇಳಿದಳು: "ಸರ್ ಬರದು ಕೊಡಬೇಕು. ಸರ್ ಒಬ್ರ ಕೊಡಬಲ್ಲರು."

ಸರ್ ಎಂದರೆ ನನ್ನ ಅಪ್ಪ. ಮಂಡಳಿಯ ಸಂಶಯ ಪೂರ್ತಿ ಸುಳ್ಳಲ್ಲ. ಆ ನಾಲ್ಕು ತಾರೀಖುಗಳನ್ನು ಬರೆದದ್ದು ಒಂದೇ ಕೈ. ಸುರಪುರದ ಆಚೆಯ ಆ ಊರಿನ ಶಾಲೆಯಲ್ಲಿ ಅಪ್ಪ ಇಪ್ಪತ್ತೆರಡು ವರ್ಷ ಮಾಸ್ತರರಾಗಿದ್ದರು. ಶಾಲೆಗೆ ಸೇರಿಸಲು ಬಂದ ತಾಯಂದಿರನ್ನು ಮಗು ಹುಟ್ಟಿದ್ದು ಯಾವಾಗ ಎಂದು ಕೇಳಿದರೆ, ಎಳ್ಳ ಅಮಾಸಿ ಆದ ಮೂರನೇ ದಿನ, ಹಳ್ಳ ತುಂಬಿ ಬಂದ ವರ್ಷ, ನಮ್ಮ ಮಾವ ತೀರಿಕೊಂಡ ಹೊತ್ತು ಎಂದೆಲ್ಲ ಹೇಳುತ್ತಿದ್ದರು. ಅಪ್ಪ ಮಗುವನ್ನು ಒಮ್ಮೆ ನೋಡಿ, ಬಲಗೈ ತಲೆಯ ಮೇಲಿಂದ ತಂದು ಎಡಕಿವಿ ಮುಟ್ಟಿಸಿ, ಮುಟ್ಟಿದರೆ ವಯಸ್ಸಾಯಿತೆಂದು ದಾಖಲಾತಿ ಪುಸ್ತಕದಲ್ಲಿ ಜೂನ್ ಒಂದು ಎಂದು ಬರೆಯುತ್ತಿದ್ದರು. ಶಾಲೆ ಶುರುವಾಗುವ ದಿನಕ್ಕೆ ಲೆಕ್ಕ ಸರಿಹೋಗುತ್ತಿತ್ತು. ನಮ್ಮ ಕಡೆ ಯಾವ ಶಾಲೆಯಲ್ಲಿ ನೋಡಿದರೂ ಹೀಗೇ. ಅಪ್ಪನದೂ ಜೂನ್ ಒಂದು, ಅವರ ಮಾಸ್ತರರು ಬರೆದದ್ದು. ಅವರು ನಿವೃತ್ತರಾದ ಮೇ ಕೊನೆಯ ದಿನ ತಾಲ್ಲೂಕಿನಲ್ಲಿ ಎಷ್ಟು ಜನ ಮಾಸ್ತರರು ಒಟ್ಟಿಗೆ ನಿವೃತ್ತರಾದರೆಂದರೆ, ಹೂವಿನ ಹಾರ ಸಿಗದೆ ಅಪ್ಪನಿಗೆ ಶಾಲು ಮಾತ್ರ ಹೊದಿಸಿದ್ದರು.

ನನ್ನದನ್ನೂ ಹಾಗೇ ಬರೆದಿದ್ದರು. ನಾನು ಹುಟ್ಟಿದ್ದು ದೀಪಾವಳಿಯ ಹಿಂದುಮುಂದು ಎಂದು ಅವ್ವ ಹೇಳುತ್ತಿದ್ದಳು. "ಊರಿಗೆಲ್ಲ ಒಂದು, ಮಾಸ್ತರನ ಮಗಳಿಗೊಂದು ಬರೀಲೇನು?" ಎನ್ನುತ್ತಿದ್ದರು ಅಪ್ಪ.

ಪಡಸಾಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅಪ್ಪನಿಗೆ ನಾನು ಎಲ್ಲ ಹೇಳಿದೆ. ಅವರು ಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಅಂದ್ರ, ನಾ ಸುಳ್ಳ ಬರದೀನಿ ಅಂತ ನಾನ ಬರದು ಕೊಡಬೇಕು."

"ಸುಳ್ಳಲ್ಲಪ್ಪ, ರೂಢಿ ಅಂತ."

"ರೂಢಿ ಅನ್ನೋದು ನೀ. ಸರ್ಕಾರಿ ದಫ್ತರದಾಗ ತಿಳದು ತಿಳದು ತಪ್ಪ ತಾರೀಖು ಬರದೀನಿ ಅಂತ ಸಹಿ ಮಾಡಿದ್ರ, ನಾಳೆ ಯಾವನೋ ಒಬ್ಬ ಅದನ್ನ ತಗೊಂಡು ನನ್ನ ಪೆನ್ಶನ್ನಿಗಿ ಗಂಟ ಬಿದ್ರ?" ಒಂದು ಬೀಜವನ್ನು ಮೊರದಾಚೆ ಎಸೆದರು. "ಮತ್ತ ನೀನೂ ಆ ಪತ್ರ ಬರಿಬಾರದಿತ್ತು. ನಡು ರೋಡಿನ್ಯಾಗ ಗದ್ದಲ ಆತು, ಗಾಬರ್ಯಾಗಿದ್ದಿ. ಆಕಿ ಅಣ್ಣನೋ ಯಾರೋ, ಪೂರಾ ನೋಡೀ ಏನು?"

ಇದು ರಾಡಿಗಿಂತ ಗಟ್ಟಿ ಬಿತ್ತು. ಮಂಡಳಿ ನನ್ನನ್ನು ಇಲ್ಲವೆಂದಿತ್ತು. ಅಪ್ಪ, ಇದ್ದೀ ಆದರೆ ನೋಡಿಲ್ಲ ಎನ್ನುತ್ತಿದ್ದರು. ನಾನು ಎದ್ದು ಒಳಗೆ ಹೋದೆ. ಮೂರು ದಿನ ನಾವು ಮಾತಾಡಲಿಲ್ಲ. ಮೂವತ್ತೈದರಲ್ಲಿ ಆ ಮೂರೂ ಕಳೆದವು.

ನಾಲ್ಕನೇ ದಿನ ಬೆಳಿಗ್ಗೆ ಅಪ್ಪ ಬಿಳಿ ಅಂಗಿ ತೊಟ್ಟು, ಕೊಡೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಬರೀ ನನ್ನ ಮಾತಿಗಿ ಕೋರ್ಟಿನ್ಯಾಗ ಬೆಲಿ ಇಲ್ಲ. ದಾಖಲಾತಿ ಪುಸ್ತಕದ ಹಾಳಿನ ಬೇಕು. ಒಂದ ಹಾಳಿಯಾಗ ಮೂವತ್ತ ಹುಡುಗ್ರು, ಮೂವತ್ತೂ ಜೂನ್ ಒಂದು. ಅದನ್ನ ನೋಡಿದ ಮ್ಯಾಲ ಯಾರ್ ಮಾತಾಡ್ತಾರ ನೋಡೂಣು. ನಡಿ, ಹೆಡ್ ಮೇಡಮ್ಮಗ ಫೋನ್ ಹಚ್ಚಿ ಹೇಳೀನಿ."

ಅಷ್ಟು ವರ್ಷ ನಾನು ಆ ರಸ್ತೆಯ ಮೇಲೆ ಹೋಗಿರಲಿಲ್ಲ. ಹತ್ತಿ ಹೊಲ ಬಂದಾಗ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ. ಆ ವರ್ಷ ಅಲ್ಲಿ ಹತ್ತಿ ಇರಲಿಲ್ಲ, ತೊಗರಿ ಇತ್ತು. ಅಪ್ಪ ನನ್ನ ಕೈ ನೋಡಿದರು.

ಊರಿಗೆ ಹೋಗುವುದರಲ್ಲಿ ಒಂದು ಕಂಟಕವಿತ್ತು. ಗೆಳತಿಯ ಅಣ್ಣ ಈಗ ಅದೇ ಶಾಲೆಯ ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷ. ಹೆಡ್ ಮೇಡಂ ಅಪ್ಪನಿಗೆ ಹೇಳಿದ್ದರು: ಅವನು ಸೋಮವಾರ ಮುಂಜಾನೆ ಸುರಪುರಕ್ಕೆ ಹೋಗಿರುತ್ತಾನೆ, ಹತ್ತಕ್ಕೆ ಬಂದು ಹನ್ನೊಂದಕ್ಕೆ ಹೋಗಿಬಿಡಿ. ನಾವು ಹತ್ತಕ್ಕೆ ಬಂದೆವು. ಮೇಡಂ ಹಾಳೆಯ ನಕಲನ್ನು ಮೊದಲೇ ತೆಗೆಸಿ, ಠಸ್ಸೆ ಒತ್ತಿ, ಸಹಿ ಹಾಕಿ ಇಟ್ಟಿದ್ದರು. ಐದು ನಿಮಿಷದ ಕೆಲಸ. ಆದರೆ ಅಪ್ಪ ಹಳೆಯ ಪುಸ್ತಕವನ್ನು ತಮ್ಮ ಮುಂದೆ ಎಳೆದುಕೊಂಡು ಪುಟ ತಿರುಗಿಸತೊಡಗಿದರು. ನಾನು ಬಾಗಿಲ ಕಡೆ ನೋಡುತ್ತಿದ್ದೆ. "ಅಪ್ಪ, ಏಳ್ರಿ" ಎಂದರೆ, "ತಡಿಯವ್ವ, ನನ್ನ ಅಕ್ಷರ ನೋಡು, ಮುತ್ತಿನಂಗ ಅದಾವ" ಎನ್ನುತ್ತಿದ್ದರು.

ಹತ್ತೂ ಇಪ್ಪತ್ತೈದಕ್ಕೆ ಹೊರಗೆ ಮೋಟಾರ್ ಸೈಕಲ್ಲು ನಿಂತ ಸದ್ದು. ಮೇಡಂ ನನ್ನ ಮುಖ ನೋಡಿದರು. ಅಣ್ಣ ಒಳಗೆ ಬಂದ. ಕೂದಲು ಸ್ವಲ್ಪ ಉದುರಿತ್ತು. ಉಳಿದಂತೆ ಅದೇ ಮನುಷ್ಯ. ಅಪ್ಪನನ್ನು ಕಂಡವನೇ ಬಾಗಿ ಕಾಲು ಮುಟ್ಟಿದ.

"ಸರ್ರಾ! ಏನ್ರಿ ಇದು, ಇಷ್ಟು ವರ್ಷಕ್ಕ? ಹೇಳೀ ಕಳಿಸಿದ್ರ ನಾನ ಗಾಡಿ ತರತಿದ್ದಿಲ್ಲೇನ್ರಿ?"

"ಆರಾಮದೀಯೇನೋ?"

"ನಿಮ್ಮ ಆಶೀರ್ವಾದ್ರಿ. ಏನ್ ಕೆಲಸಾ ಬಂತ್ರಿ ಸಾಲ್ಯಾಗ?"

"ದಾಖಲಾ ನಕಲು ಬೇಕಿತ್ತು."

"ಯಾರದ್ರಿ?"

ಅಪ್ಪ ಮೇಜಿನ ಮೇಲಿದ್ದ ನಕಲನ್ನು ಎತ್ತಿ ಸೀದಾ ಅವನ ಕೈಗೇ ಕೊಟ್ಟರು. "ನೋಡು, ನಿನ್ನ ಹೆಸರೂ ಅದ ಅದರಾಗ."

ಅವನು ಬೆರಳಿಟ್ಟು ಓದುತ್ತ ಬಂದ. ತನ್ನ ಹೆಸರ ಮೇಲೆ ನಿಂತು ನಕ್ಕ. ಕೆಳಗೆ ಬಂದ. ಅವನ ತಂಗಿಯ ಹೆಸರು ಇಪ್ಪತ್ತಮೂರನೇ ಸಾಲಿನಲ್ಲಿತ್ತು, ನನ್ನದು ಇಪ್ಪತ್ತನಾಲ್ಕು. ಬೆರಳು ಅಲ್ಲಿ ನಿಂತಿತು. ಅಂಗಳದಲ್ಲಿ ಮಕ್ಕಳು ಮಗ್ಗಿ ಒದರುತ್ತಿದ್ದರು. ಏಳೊಂಬತ್ಲೆ ಅರವತ್ಮೂರು ಬಂದದ್ದು ನೆನಪಿದೆ. ಬೆರಳು ಮುಂದೆ ಸರಿಯಿತು.

"ಎಲ್ಲಾರ್ದೂ ಒಂದ ತಾರೀಖು ಅದಲ್ರಿ ಸರ್" ಎಂದು ನಕ್ಕು ಹಾಳೆ ವಾಪಸ್ಸು ಕೊಟ್ಟ. "ಇಡೀ ಊರ ಒಂದ ದಿನ ಹುಟ್ಟಿಸೀರಿ ಬಿಡ್ರಿ ನೀವು."

"ಹೌದಪ್ಪ. ನಾನ ಹುಟ್ಟಸೀನಿ."

ಆಗ ಅವನು ನನ್ನ ಕಡೆ ತಿರುಗಿದ. ನನ್ನ ಮಡಿಲಲ್ಲಿದ್ದ ಮೊಬೈಲನ್ನು ನೋಡಿ, ಮದುವೆ ಮನೆಯಲ್ಲಿ ಕುಶಲ ಕೇಳುವ ದನಿಯಲ್ಲಿ ಕೇಳಿದ: "ಹೊಸಾದು ತಗೊಂಡ್ರೇನು ಟೀಚರ? ಆ ಹಳೇದು ಚೊಲೋ ಇತ್ತು ನೋಡ್ರಿ. ನಮ್ ಹುಡುಗ ಇನ್ನಾ ಅದ್ರಾಗ ಆಟ ಆಡ್ತಾನ."

ಮೇಡಂ ಫ್ಯಾನಿನ ಕಡೆ ನೋಡಿದರು. ನಾನು ಮೊಬೈಲನ್ನು ಚೀಲದೊಳಗೆ ಹಾಕಿದೆ. ಅಪ್ಪ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡು ಎದ್ದರು. ಅವರ ಮುಖ ನಾನು ಎಂದೂ ನೋಡದ ಬಣ್ಣಕ್ಕೆ ತಿರುಗಿತ್ತು.

ಬಸ್ ನಿಲ್ದಾಣದ ಕಟ್ಟೆಯ ಮೇಲೆ ನಲವತ್ತು ನಿಮಿಷ ಕೂತೆವು. ಅಣ್ಣ ಮೋಟಾರ್ ಸೈಕಲ್ಲನ್ನು ಎದುರಿನ ಚಹಾ ಅಂಗಡಿಯ ಮುಂದೆ ನಿಲ್ಲಿಸಿ, ಇಂಜಿನ್ ಆರಿಸದೆ, ಅದರ ಮೇಲೆ ಕೂತೇ ಇದ್ದ. ಒಮ್ಮೆ ನಮಗೆ ಚಹಾ ಕಳಿಸಿದ. ಅಪ್ಪ ತಗೊಂಡರು, ಕುಡಿಯಲಿಲ್ಲ. ಕಪ್ಪುಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ಬಸ್ಸು ಬಂತು. ಅವನು ಹಿಂದೆ ಬರಲಿಲ್ಲ. ನಾಲ್ಕು ಮೈಲಿ ಕಳೆದ ಮೇಲೆ ಅಪ್ಪ, "ನೋಡೀದಿ ನೀ" ಎಂದರು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ, "ಪೂರಾ ನೋಡೀದಿ" ಎಂದರು.

ಅಂದೇ ಮಧ್ಯಾಹ್ನ ಶಹಾಪುರದ ನೋಟರಿಯ ಮುಂದೆ ಸಹಿ ಹಾಕಿದರು. ಪೆನ್ಶನ್ನಿನ ಮಾತೇ ಬರಲಿಲ್ಲ. ಆ ಹೇಳಿಕೆಯಲ್ಲಿ ಒಂದು ವಾಕ್ಯ ಹೀಗಿತ್ತು: ಕೇಳಿದ್ದರೆ ಮೊದಲೇ ಹೇಳುತ್ತಿದ್ದೆ, ಯಾರೂ ಕೇಳಲಿಲ್ಲ. ನೋಟರಿ ಇದು ಬೇಕೇನ್ರಿ ಎಂದು ಹೊಡೆದುಹಾಕಲು ಹೋದರು. ಅಪ್ಪ ಬಿಡಲಿಲ್ಲ. ಮುಂದೆ ಆ ವಕೀಲೆ ಹೇಳಿದಳಂತೆ, ಇಡೀ ಕೇಸು ಆ ಒಂದು ವಾಕ್ಯದಲ್ಲಿದೆ ಎಂದು.

ಮೂವತ್ತೈದರಲ್ಲಿ ಇನ್ನೂ ಒಂಬತ್ತು ದಿನ ಉಳಿದಿರುವಾಗ ಅರ್ಜಿ ಕೋರ್ಟಿಗೆ ಸೇರಿತು. ಆಮೇಲೆ ಹದಿಮೂರು ತಿಂಗಳು ಏನೂ ಇಲ್ಲ. ಹದಿಮೂರು ತಿಂಗಳು ಗೆಳತಿಯ ಗಂಡ ಒಂದು ಚೀಲವನ್ನು ಬಾಗಿಲ ಹಿಂದೆ ತುಂಬಿಟ್ಟುಕೊಂಡೇ ಇದ್ದ. ಮುರಿದು ಕೂಡಿದ ಎಡಗೈ ಚಳಿಗೆ ನೋಯುತ್ತಿತ್ತು. "ಇದಕ್ಕ ಕೋರ್ಟಿನ ಮುಂದ ಬಾಯಿ ಬಿಡಾಕ ಪರವಾನಗಿ ಇಲ್ಲಂತ, ಅದಕ್ಕ ರಾತ್ರಿ ನನ್ನ ಮುಂದ ಗೋಳಾಡ್ತದ" ಎಂದು ಫೋನಿನಲ್ಲಿ ನಗುತ್ತಿದ್ದ. ಇಲ್ಲಿ ನಮ್ಮ ಓಣಿಯಲ್ಲಿ ಎರಡು ಸಲ ಅಣ್ಣನ ಮೋಟಾರ್ ಸೈಕಲ್ಲು ಕಂಡೆ. ಅದೇ ಗಾಡಿಯೋ, ಅಂಥದೇ ಇನ್ನೊಂದೋ, ಈಗಲೂ ಖಾತ್ರಿಯಿಲ್ಲ. ಹುಡುಗನ ಅಕ್ಕ ಯಾದಗಿರಿಯಲ್ಲಿ ಮನೆ ಬದಲಿಸಿದಳು.

ಕೊನೆಗೆ ವಿಚಾರಣೆ ಅರ್ಧ ದಿನ ನಡೆಯಿತು. ಗೆಳತಿ ಹೇಳಿದ್ದು: ನ್ಯಾಯಾಧೀಶರು ಒಮ್ಮೆಯೂ ರಸ್ತೆಯ ಸುದ್ದಿ ಎತ್ತಲಿಲ್ಲ. ಅಣ್ಣ, ರಾಡು, ಬಸ್ಸು ಯಾವುದೂ ಇಲ್ಲ. ಅಪ್ಪ ತಂದ ಹಾಳೆಯನ್ನು ಕನ್ನಡಕ ಏರಿಸಿ ನೋಡಿ, ಸಾಲುಗಳನ್ನು ಪೆನ್ನಿನ ತುದಿಯಿಂದ ಎಣಿಸಿದರಂತೆ. ಸರ್ಕಾರದ ವಕೀಲರನ್ನು ಕೇಳಿದರಂತೆ: ಇದನ್ನು ಆ ಮಂಡಳಿ ನೋಡಿದ್ದರೆ ಅದೇ ಮಾತು ಬರೆಯುತ್ತಿತ್ತೆ? ಆರು ವಾರದ ಮೇಲೆ ತೀರ್ಪು ಬಂತು. ಇಷ್ಟು ದೊಡ್ಡ ಸಂಶಯವನ್ನು ಅರ್ಜಿದಾರಳ ಮುಂದಿಟ್ಟು ಉತ್ತರ ಕೇಳದೆ ತೀರ್ಮಾನಿಸಿದ್ದು ನ್ಯಾಯದ ನಡೆಯಲ್ಲ. ಮಂಡಳಿಯ ಆದೇಶ ರದ್ದು. ಬೇರೆ ಸದಸ್ಯರು ಮತ್ತೆ ಕೇಳಲಿ.

"ಗೆದ್ವಿ?" ಎಂದೆ.

"ಇಲ್ಲಾ. ಮತ್ತ ಹೇಳಾಕ ಒಂದ ಅವಕಾಶ ಗೆದ್ವಿ" ಎಂದಳು.

ಹೊಸ ವಿಚಾರಣೆಯ ದಿನ ನಮ್ಮ ಬೆಳಗಿನ ಐದೂವರೆಗೆ ಫೋನ್ ಬಂತು. ಅವರಿಗೆ ಹತ್ತು ಗಂಟೆ. ಅಪ್ಪ, ನಾನು ಅಡಿಗೆ ಮನೆಯಲ್ಲಿ ಕೂತಿದ್ದೆವು, ಅಲ್ಲಿ ಸಿಗ್ನಲ್ಲು ಚೆನ್ನಾಗಿತ್ತು. ಭಾಷಾಂತರಕಾರ ಮೈಸೂರು ಕಡೆಯ ಕನ್ನಡದವನು, ಬಹಳ ಮೃದು. ಮೊದಲು ಅಪ್ಪ. ನಾಲ್ವರ ತಾರೀಖನ್ನೂ ತಾವೇ ಬರೆದಿರಾ ಎಂದು ಮಂಡಳಿಯ ಹೊಸ ಸದಸ್ಯೆ ಕೇಳಿದರು. "ಹೌದ್ರಿ. ಎಲ್ಲಾ ನನ್ನ ಮಕ್ಕಳ್ರಿ. ಹಡದದ್ದು ಅವರವ್ವಗೋಳು, ತಾರೀಖು ನಂದು" ಎಂದರು. ಭಾಷಾಂತರಕಾರ ಒಂದು ಕ್ಷಣ ತಡೆದು, "ಯಜಮಾನ್ರೇ, ಇನ್ನೊಂದ್ಸಲ ನಿಧಾನವಾಗಿ ಹೇಳ್ತೀರಾ?" ಎಂದ. ಅಪ್ಪ ಪಾಠದ ದನಿಯಲ್ಲಿ ಮತ್ತೆ ಹೇಳಿದರು. ಆಚೆ ಯಾರೋ ನಕ್ಕದ್ದು ಕೇಳಿಸಿತು.

ಆಮೇಲೆ ನಾನು. ಸದಸ್ಯೆ ಕೇಳಿದ ಮೊದಲ ಪ್ರಶ್ನೆ, ನೀವು ಎಲ್ಲಿದ್ದೀರಿ? ಶಹಾಪುರದಲ್ಲಿ, ನಮ್ಮ ಅಡಿಗೆ ಮನೆಯಲ್ಲಿ ಇದ್ದೇನೆ ಎಂದೆ. ಇದ್ದೇನೆ ಎನ್ನುವುದನ್ನು ಒತ್ತಿ ಹೇಳಿದೆ. ಗಡಿಯಾರದಿಂದ ಶುರು ಮಾಡಿ ಎಲ್ಲ ಹೇಳಿದೆ. ಅಣ್ಣ ಶಾಲೆಯಲ್ಲಿ ಕೇಳಿದ ಮೊಬೈಲಿನ ಮಾತನ್ನೂ ಹೇಳಿದೆ. ಯಾಕೆ ಫಿರ್ಯಾದಿ ಕೊಡಲಿಲ್ಲ ಎಂದರು. ಹೆದರಿದೆವು ಎಂದೆ. ಅದು ಬಿಟ್ಟು ಬೇರೆ ಕಾರಣ ಇರಲಿಲ್ಲ. ಕೇಳುವಷ್ಟು ಕೇಳಿ, ನಡುನಡುವೆ ನಿಲ್ಲಿಸಿ, ಹಿಂದಕ್ಕೆ ಹೋಗಿ, ರಾಡು ಯಾವ ಕೈಯಲ್ಲಿತ್ತು ಎಂದು ಎರಡು ಸಲ ಕೇಳಿದರು. ಎರಡೂ ಸಲ ಬಲಗೈ ಎಂದೆ. ಐವತ್ತು ನಿಮಿಷ. ಫೋನ್ ಇಟ್ಟಾಗ ಹೊರಗೆ ಬೆಳಗಾಗಿತ್ತು. ಅಪ್ಪ ಚಹಾಕ್ಕೆ ಇಟ್ಟರು, ಸಕ್ಕರೆ ಹಾಕಲು ಮರೆತರು.

ಅಂದು ನಿದ್ದೆ ಬರುತ್ತದೆಂದುಕೊಂಡಿದ್ದೆ. ಬರಲಿಲ್ಲ. ಹೇಳಿದ ಪ್ರತಿ ಮಾತನ್ನೂ ಮತ್ತೆ ತಿದ್ದುತ್ತ ಎಚ್ಚರವಿದ್ದೆ. ಬಲಗೈ ಹೌದೋ ಅಲ್ಲವೋ.

ಇಪ್ಪತ್ತಾರನೇ ದಿನ, ಶುಕ್ರವಾರ, ಒಂಬತ್ತನೇ ತರಗತಿಯಲ್ಲಿ ಪಾಠ ನಡೆಯುತ್ತಿದ್ದಾಗ ಫೋನ್ ನಡುಗಿತು. ತರಗತಿ ಮುಗಿಯುವವರೆಗೆ ತೆಗೆಯಲಿಲ್ಲ, ಧೈರ್ಯವಾಗಲಿಲ್ಲ. ಆಮೇಲೆ ಮೆಟ್ಟಿಲ ಮೇಲೆ ಕೂತು ನೋಡಿದೆ. ರಕ್ಷಣೆ ಕೊಡಬೇಕೆಂದು ಮಂಡಳಿ ಆದೇಶಿಸಿತ್ತು. ಸಾಕ್ಷಿ ನೇರವಾಗಿ, ಹೆಚ್ಚು ಮಾಡದೆ ಕಡಿಮೆ ಮಾಡದೆ ಹೇಳಿದ್ದಾಳೆ, ಅವಳನ್ನು ನಂಬುತ್ತೇನೆ ಎಂದು ಸದಸ್ಯೆ ಬರೆದಿದ್ದರು. ಆ ಸಾಲನ್ನು ಗೆಳತಿ ಬೇರೆಯಾಗಿ ಫೋಟೋ ಹೊಡೆದು ಕಳಿಸಿದ್ದಳು.

ಸಂಜೆ ಫೋನ್ ಮಾಡಿದೆ. ಪಿಸುದನಿಯಲ್ಲಿ ಮಾತಾಡಿದಳು.

"ಯಾಕ, ಏನಾತು?"

"ಏನಿಲ್ಲ, ಮಲಗ್ಯಾನ. ಮಧ್ಯಾಹ್ನ ಕಾಗದ ಓದಿದಾವ ಚೀಲದಾಗಿನ ಅರಿವಿ ಎಲ್ಲಾ ತಗದು ಕಪಾಟಿನ್ಯಾಗ ಇಟ್ಟ, ಅಲ್ಲೇ ನೆಲದ ಮ್ಯಾಲ ಬಿದ್ದಾವ ಬಿದ್ದಾನ. ಎಬ್ಬಸಿಲ್ಲ. ನೀನೂ ಮಕ್ಕೋ ಹೋಗು."

ಅಪ್ಪನಿಗೆ ಹೇಳಿದೆ. ಅವರು ಹೂಂ ಎಂದು ಕನ್ನಡಕ ಒರೆಸಿಕೊಂಡರು. ಉಂಡು ಒಂಬತ್ತಕ್ಕೆ ಹಾಸಿಗೆಗೆ ಹೋದೆ. ಓಣಿಯಲ್ಲಿ ಒಂದು ಮೋಟಾರ್ ಸೈಕಲ್ಲು ಬಂದದ್ದು ಕೇಳಿಸಿತು. ಅದು ಮುಂದೆ ಹೋಯಿತೋ ನಿಂತಿತೋ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು. ಶನಿವಾರ, ಮುಂಜಾನೆ ಶಾಲೆ. ಪ್ರಾರ್ಥನೆಯ ಗಂಟೆ ಹೊಡೆದು ಎಷ್ಟೋ ಹೊತ್ತಾಗಿತ್ತು.

"ಯಾಕ ಎಬ್ಬಸಲಿಲ್ರಿ?" ಎಂದು ಕೂಗಿದೆ.

"ಎರಡ ಸಲ ಬಂದು ನೋಡೀನಿ" ಎಂದರು ಅಪ್ಪ ಪಡಸಾಲೆಯಿಂದ. "ಸಾಲಿಗಿ ಫೋನ್ ಹಚ್ಚಿ ಹೇಳೀನಿ, ಇವತ್ತ ಬರಂಗಿಲ್ಲಂತ. ಮಕ್ಕೋ ಇನ್ನಷ್ಟು."